ಮನೆಮಂದಿಯೆಲ್ಲ ಒಟ್ಟಿಗೆ ಕೂತು ನಗೋ ಸಿನಿಮಾ ಹೇಳಿ

ತುಂಗಾತೀರ:
ದೀಪಾವಳಿಗೆ ಎಲ್ಲರೂ ತೀರ್ಥಹಳ್ಳಿ ಮನೆಗೆ ಬರ್ತಿದಾರೆ. ಹಗಲು ಹೇಗೋ ಕಳೆಯುತ್ತೆ. ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಸೇರಿದ್ರೆ ರಿಮೋಟಿಗೆ ಜಗಳ ಶುರು. ಈ ಸಲ ದಿನಕ್ಕೊಂದು ಹಾಸ್ಯದ ಸಿನಿಮಾ ಅಂತ ಮೊದಲೇ ಗೊತ್ತು ಮಾಡಿಟ್ಕೊಳ್ಳೋಣ ಅಂತಿದೀನಿ.

ಯಾರ್ಯಾರು ಕೂರ್ತಾರೆ ಅಂತ ಹೇಳಿಬಿಡ್ತೀನಿ, ಅದನ್ನ ನೋಡ್ಕೊಂಡು ಹೇಳಿ. ಅಜ್ಜಿಗೆ ಎಂಬತ್ತು ದಾಟಿದೆ, ಕಣ್ಣು ಚುರುಕು, ಕಿವಿ ಮಂದ. ಅಮ್ಮ, ದೊಡ್ಡಮ್ಮ ಇಬ್ಬರೂ ಅನಂತನಾಗ್ ಅಂದ್ರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬರೋರು. ಅತ್ತಿಗೆ ಪುಣೆಯವರು, ಹೊಸದಾಗಿ ಮದುವೆಯಾಗಿ ಬಂದಿದಾರೆ, ಕನ್ನಡ ಈಗ ಕಲೀತಿದಾರೆ. ಅಕ್ಕನ ಮಕ್ಕಳಿಬ್ಬರು ಹೈಸ್ಕೂಲಿಗೆ ಹತ್ತಿರ ಇರೋವು, ಹಳೇ ಸಿನಿಮಾ ಅಂದ್ರೆ ಮೂತಿ ಉದ್ದ.

ಡಬಲ್ ಮೀನಿಂಗ್ ಬೇಡ. ಕಪ್ಪಗಿರೋರನ್ನ, ದಪ್ಪಗಿರೋರನ್ನ ಆಡಿಕೊಂಡು ನಗಿಸೋದು ಬೇಡ. ಹಾಸ್ಯನಟನ ತಲೆಗೆ ಮೊಟಕಿ ಜನರನ್ನ ನಗಿಸೋ ಪೈಕಿ ಇದ್ರೂ ಬೇಡ. ಕಿರಿಕ್ ಪಾರ್ಟಿ ಎಲ್ಲರೂ ನೋಡಿಯಾಗಿದೆ.

ವಠಾರದ ಕಿಟಕಿ:
ನಿಮ್ಮ ದೊಡ್ಡಮ್ಮನ ಆಸೆಯೇ ದಾರಿ ತೋರಿಸಿದೆ. ಗಣೇಶನ ಮದುವೆ, 1990. ನಿರ್ದೇಶನ ಫಣಿ ರಾಮಚಂದ್ರ. ಅನಂತನಾಗ್, ವಿನಯಾ ಪ್ರಸಾದ್, ವಠಾರದ ಯಜಮಾನ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು.

ಕಥೆ ಒಂದೇ ಸಾಲಿನದು. ಗಣೇಶ ಒಬ್ಬ ಗಾಯಕಿಗೆ ಮನಸೋತು ಕಾಗದ ಬರೀತಾ ಇರ್ತಾನೆ. ಅದೇ ವಠಾರದಲ್ಲಿ ದಿನಾ ಬೆಳಗಾದ್ರೆ ಕಾಲು ಕೆರೆದು ಜಗಳಕ್ಕೆ ಬರೋ ಆದಿಲಕ್ಷ್ಮಿಯೇ ಆ ಗಾಯಕಿ ಅಂತ ಅವನಿಗೆ ಗೊತ್ತಿಲ್ಲ. ಕಾಗದದಲ್ಲಿ ಒಲವು, ಅಂಗಳದಲ್ಲಿ ಕದನ. ಎರಡೂ ಒಂದೇ ಜೋಡಿಯ ನಡುವೆ. ನೋಡೋರಿಗೆ ಎಲ್ಲ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಅಲ್ಲಿಂದ ಹುಟ್ಟೋ ನಗು ಅದು. ಯಾರೂ ಬಂದು ಜೋಕ್ ಹೇಳಿ ಹೋಗಲ್ಲ.

ಮುಖ್ಯಮಂತ್ರಿ ಚಂದ್ರು ಅವರನ್ನ ಗಮನಿಸಿ. ಯಜಮಾನನ ಗತ್ತೂ ಇದೆ, ಬಾಡಿಗೆದಾರರು ಎಲ್ಲಿ ಮೇಲೆ ಬೀಳ್ತಾರೋ ಅನ್ನೋ ಅಳುಕೂ ಇದೆ. ಎರಡೂ ಒಂದೇ ಮುಖದಲ್ಲಿ, ಒಂದೇ ಸಾಲಿನ ಮಾತಿನಲ್ಲಿ. ಬೆಂಗಳೂರು, ಮೈಸೂರಿನ ವಠಾರಗಳಲ್ಲಿ ಬೆಳೆದೋರಿಗೆ ಆ ಮನುಷ್ಯ ಹೊಸಬನಲ್ಲ. ಇದೇ ನಿರ್ದೇಶಕ, ಇದೇ ನಾಯಕ ಸೇರಿ ಮರುವರ್ಷ ಗೌರಿ ಗಣೇಶ ಮಾಡಿದ್ರು, ಅದರ ಮರುವರ್ಷ ಗಣೇಶ ಸುಬ್ರಹ್ಮಣ್ಯ. ಮೂರೂ ಇಟ್ಕೊಳ್ಳಿ.

ತುಂಗಾತೀರ:
ಗಣೇಶನ ಮದುವೆ ಖಂಡಿತ. ಆದ್ರೆ ಅದು ಪೂರ್ತಿ ಮಾತಿನ ಮೇಲೆ ನಿಂತಿರೋದು ಅಲ್ವಾ? ಅಜ್ಜಿಗೆ ಪಕ್ಕದಲ್ಲಿ ಕೂತು ಕೂಗಿ ಹೇಳಬೇಕು, ಅತ್ತಿಗೆಗೆ ಇನ್ನೊಂದು ಕಡೆಯಿಂದ ಹಿಂದಿಯಲ್ಲಿ ಹೇಳಬೇಕು.

ಗಾಂಧಿಬಜಾರ್ ಸಂಜೆ:
ಹಾಗಾದರೆ ಮೊದಲ ದಿನ ಪುಷ್ಪಕ ವಿಮಾನ ಹಾಕಿ. 1987ರದು, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಕಮಲ್ ಹಾಸನ್, ಅಮಲಾ. ಇಡೀ ಚಿತ್ರದಲ್ಲಿ ಸಂಭಾಷಣೆ ಇಲ್ಲ. ಅಜ್ಜಿ, ಪುಣೆಯ ಸೊಸೆ, ಮಕ್ಕಳು ಮೂವರಿಗೂ ಒಂದೇ ಹೊತ್ತಿಗೆ ಅರ್ಥವಾಗುವ ಸಿನಿಮಾ ನನಗೆ ಗೊತ್ತಿರುವಂತೆ ಇದೊಂದೇ. ಚಿತ್ರೀಕರಣವಾದದ್ದು ನಮ್ಮ ಬೆಂಗಳೂರಲ್ಲಿ, ನಿರ್ಮಾಣದಲ್ಲಿ ಜೊತೆಯಾದವರು ನಮ್ಮ ಶೃಂಗಾರ್ ನಾಗರಾಜ್. ಜನಪ್ರಿಯ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯೂ ಬಂತು.

ಒಂದು ಸಂಗತಿ ಮಾತ್ರ ಬಿಡಿಸಿ ಹೇಳುತ್ತೇನೆ, ನೋಡುವ ಸುಖ ಇದರಿಂದ ಕಡಿಮೆಯಾಗುವುದಿಲ್ಲ. ಕೆಲಸವಿಲ್ಲದ ಹುಡುಗ ಬಾಡಿಗೆಗಿರುವ ಕೋಣೆಯ ಪಕ್ಕದಲ್ಲೇ ಸಿನಿಮಾ ಟಾಕೀಸು. ಅಲ್ಲಿನ ಹೊಡೆದಾಟದ ಸದ್ದು ಗೋಡೆ ದಾಟಿ ರಾತ್ರಿಯೆಲ್ಲ ಕಿವಿಗೆ ಬಡಿಯುತ್ತದೆ, ಅವನು ಅದರಲ್ಲೇ ಮಲಗಲು ಕಲಿತಿದ್ದಾನೆ. ಮುಂದೆ ಅದೃಷ್ಟ ತಿರುಗಿ ಪಂಚತಾರಾ ಹೋಟೆಲಿನ ಮೆತ್ತನೆ ಹಾಸಿಗೆ ಸಿಗುತ್ತದೆ. ಪಿಸುಸದ್ದೂ ಇಲ್ಲ, ನಿದ್ದೆಯೂ ಇಲ್ಲ. ಹಳೆ ಕೋಣೆಗೆ ಹೋಗಿ ಆ ಗದ್ದಲವನ್ನು ಟೇಪಿಗೆ ಹಿಡಿದು ತಂದು ತಲೆದೆಸೆಯಲ್ಲಿ ಹಾಕಿಕೊಂಡ ಮೇಲೆ ಗೊರಕೆ. ಬಡತನ ಒಬ್ಬನ ಮೈಗೆ ಎಷ್ಟು ಒಗ್ಗಿಹೋಗಿರುತ್ತದೆ ಎಂಬುದನ್ನು ಒಂದು ಮಾತೂ ಆಡದೆ, ನಗಿಸುತ್ತಲೇ ಹೇಳಿಬಿಡುತ್ತಾರೆ. ಮಂಜುಗಡ್ಡೆಯ ಚೂರಿ ಹಿಡಿದು ಕೊಲ್ಲಲು ಬರುವವನ ಪಾಡಿಗೆ ಮಕ್ಕಳು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಭಿಕ್ಷುಕನ ನೋಟುಗಳ ದೃಶ್ಯ ಬಂದಾಗ ದೊಡ್ಡವರು ಸುಮ್ಮನಾಗುತ್ತಾರೆ, ಅಷ್ಟು ಹೇಳಿ ನಿಲ್ಲಿಸುತ್ತೇನೆ.

ತುಂಗಾತೀರ:
ಇದು ನನಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಮೊದಲ ದಿನ ಇದೇ.

ಉಣಕಲ್ ಕೆರಿ:
ಅಕ್ಕಾರ, ಒಂದಿನ ನಮ್ಮ ಕಡೆ ಮಾತಿಗೂ ಜಾಗಾ ಕೊಡ್ರಿ. ರಾಮ ಶಾಮ ಭಾಮ, 2005. ರಮೇಶ್ ಅರವಿಂದ್ ನಿರ್ದೇಶನ ಮಾಡಿದ ಮೊದಲನೇ ಪಿಚ್ಚರ್. ಕಮಲ್ ಹಾಸನ್ ಮತ್ತ ಊರ್ವಶಿ ಇಬ್ಬರೂ ಉತ್ತರ ಕರ್ನಾಟಕದ ಮಾತು ಆಡ್ಯಾರ. ತಮಿಳಿನ ಸತಿ ಲೀಲಾವತಿ ಮ್ಯಾಲೆ ಮಾಡಿದ್ದು ಖರೆ, ಆದರ ಮಾತಿನ ಜವಾರಿ ರುಚಿ ಮಾತ್ರ ನಮ್ಮದು.

ಇದನ್ನ ಯಾಕ ಒತ್ತಿ ಹೇಳಾಕತ್ತೇನಿ ಅಂದ್ರ, ಎಷ್ಟೋ ವರ್ಷ ಸಿನಿಮಾದಾಗ ನಮ್ಮ ಮಾತು ಆಡಾವ ಯಾರು? ಮನಿ ಆಳು, ಇಲ್ಲಾ ಹಳ್ಳಿಯಿಂದ ಬಂದ ದಡ್ಡ. ಅವ "ಐತ್ರಿ" ಅಂದ ಕೂಡಲೇ ಜನ ನಗಬೇಕು. ಅದರಾಗ ನಗುವಂಥದ್ದು ಏನೈತಿ? ನಾವು ಮನ್ಯಾಗ ಅಳೂದೂ ಅದರಾಗ, ಲಗ್ನದ ಮಾತುಕತಿನೂ ಅದರಾಗ. ರಾಮ ಶಾಮ ಭಾಮದಾಗ ಆ ಗಂಡ ಹೆಂಡತಿ ಮಾತಾಡೂದಕ್ಕ ಜನ ನಗತಾರ, ಮಾತಿನ ದಾಟಿಗೆ ಅಲ್ಲ. ಅವರು ಹೇಳೂ ವಿಷಯಕ್ಕ, ಹೇಳೂ ಹೊತ್ತಿಗೆ. ಊರ್ವಶಿಯವರು ಗಂಡನ್ನ ತರಾಟೆಗೆ ತಗೊಳ್ಳೂದು ನೋಡ್ರಿ, ನಮ್ಮ ಓಣ್ಯಾಗಿನ ಯಾವ ಹೆಣ್ಣಮಗಳಿಗೂ ಕಡಿಮಿ ಇಲ್ಲ.

ಒಂದು ಮಾತು ಮೊದಲ ಹೇಳಿಬಿಡ್ತೇನಿ. ಕಥಿಯೊಳಗ ಮದುವಿಯಾದ ಗಂಡ ಇನ್ನೊಂದು ಹುಡುಗಿ ಹಿಂದ ಹೋಗತಾನ. ಅಸಹ್ಯ ಇಲ್ಲ, ಆದರ ಮಕ್ಕಳು ಪ್ರಶ್ನೆ ಕೇಳಬಹುದು.

ವಠಾರದ ಕಿಟಕಿ:
ಉಣಕಲ್ ಕೆರಿ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಬೆಂಗಳೂರು ಮೈಸೂರಿನ ಕನ್ನಡ ನಾಯಕನಿಗೆ, ಉಳಿದ ಕನ್ನಡವೆಲ್ಲ ಹಾಸ್ಯನಟನಿಗೆ ಅಂತ ಹಂಚಿಬಿಟ್ಟಿದ್ದು ಬಹಳ ಕಾಲ ನಡೀತು. ಈಗ ಆ ಗೋಡೆ ಬಿದ್ದಿದೆ, ಕರಾವಳಿಯವರೇ ಅದಕ್ಕೆ ಸಾಕ್ಷಿ.

ಕಡಲಕರೆ:
ಕರೆದ ಹಾಗೆ ಬಂದೆ ಮಾರಾಯ್ರೆ! ನಮ್ಮ ಕಡೆಯದ್ದು ಹೇಳುದಾದ್ರೆ ಮೊದಲು ಸು ಫ್ರಮ್ ಸೋ, 2025. ಜೆ.ಪಿ. ತುಮಿನಾಡು ಅವರದ್ದೇ ನಿರ್ದೇಶನ, ಅವರೇ ಅಶೋಕನ ಪಾತ್ರ, ನಿರ್ಮಾಣ ರಾಜ್ ಬಿ. ಶೆಟ್ಟಿ. ಊರಿನ ಹುಡುಗನಿಗೆ ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ಪ್ರೇತ ಹಿಡಿದಿದೆ ಅಂತ ಇಡೀ ಊರು ನಂಬ್ತದೆ. ಮತ್ತೆ ಊರಲ್ಲಿ ಯಾರಿಗೂ ಬೇರೆ ಕೆಲಸ ಇಲ್ಲ, ಎಲ್ಲರಿಗೂ ಅದೇ ಮಾತು.

ಅದರಲ್ಲಿ ನಾಯಕ ಅಂತ ಒಬ್ಬ ಇಲ್ಲ, ಊರೇ ನಾಯಕ. ಮದುವೆ ಮನೆಯಲ್ಲಿ ಅಡುಗೆ ಬಡಿಸುವವ, ಆಟೋದವ, ಕುಡಿದು ಬರುವವ, ಎಲ್ಲದಕ್ಕೂ ಮುಂದೆ ನಿಲ್ಲುವ ರವಿಯಣ್ಣ. ಪ್ರತಿಯೊಬ್ಬನಿಗೂ ಒಂದು ಬುದ್ಧಿ, ಒಂದು ಹೆದರಿಕೆ ಉಂಟು. ಕೇಳಿದವರಿಗೆಲ್ಲ ಒಂದೇ ಸಂಶಯ, ಇಷ್ಟು ಜನ ಹೊಸಬರು ಇಷ್ಟು ಚಂದ ಹೇಗೆ ಮಾಡಿದ್ರು ಅಂತ. ನಮಗೆ ಅದು ಆಶ್ಚರ್ಯ ಅಲ್ಲ. ಇಲ್ಲಿ ತುಳು ನಾಟಕದ ತಂಡಗಳು ಮಳೆ ಬಿಟ್ಟ ಕೂಡಲೇ ಊರೂರು ತಿರುಗ್ತವೆ. ಗದ್ದೆಯಲ್ಲಿ ಹಾಕಿದ ಸ್ಟೇಜಿನ ಎದುರು ಸಾವಿರ ಜನ ಕೂತಿರುವಾಗ ಒಂದು ಮಾತು ಎಲ್ಲಿ ನಿಲ್ಲಿಸಬೇಕು, ನಗು ಇಳಿಯುವ ತನಕ ಎಷ್ಟು ಕಾಯಬೇಕು ಎಂಬುದು ಆ ಕಲಾವಿದರಿಗೆ ಅಲ್ಲಿಯೇ ಅಭ್ಯಾಸ ಆಗಿರ್ತದೆ. ತುಳುವಿನ ಒರಿಯರ್ದೊರಿ ಅಸಲ್ ಸಿನಿಮಾ ಆಗುವ ಮೊದಲು ನಾಟಕವೇ.

ಪ್ರೇತದ ಕಥೆ ಆದ್ರೂ ಹೆದರಿಸುವುದು ಕಡಿಮೆ. ಕೊನೆಗೆ ಸತ್ತ ಹೆಂಗಸಿಗಿಂತ ಬದುಕಿರುವ ಹೆಂಗಸಿನ ಕಷ್ಟ ದೊಡ್ಡದು ಅಂತ ಕಥೆ ತಿರುಗ್ತದಲ್ಲ, ಅದಕ್ಕಾಗಿ ನನಗೆ ಈ ಸಿನಿಮಾ ಮೇಲೆ ಗೌರವ.

ಎರಡನೆಯದು, ನೀವು ರೂಪ ಆಡಿಕೊಳ್ಳುವುದು ಬೇಡ ಅಂದಿರಲ್ಲ, ಅದಕ್ಕೆ ಒಂದು ಮೊಟ್ಟೆಯ ಕಥೆ, 2017. ರಾಜ್ ಬಿ. ಶೆಟ್ಟಿ. ಬೋಳುತಲೆಯ ಕನ್ನಡ ಲೆಕ್ಚರರ್ ಜನಾರ್ದನನಿಗೆ ಹೆಣ್ಣು ಸಿಗುದಿಲ್ಲ. ಕ್ಲಾಸಿನ ಮಕ್ಕಳು ಮೊಟ್ಟೆ ಅಂತ ನಗ್ತಾರೆ. ಇಲ್ಲಿಯವರೆಗೆ ನಾವು ಅವನ ಪರ. ಆದ್ರೆ ಅವನಿಗೆ ಒಬ್ಬಳು ದಪ್ಪಗಿನ ಹುಡುಗಿ ಸಿಕ್ಕಿದಾಗ ಅವನೂ ಉಳಿದವರ ಹಾಗೆಯೇ ಅಳೆಯಲಿಕ್ಕೆ ಶುರು ಮಾಡ್ತಾನೆ. ರೂಪದ ಬಗ್ಗೆ ನಗುವ ಸಿನಿಮಾಗಳು ನೂರು ಇರಬಹುದು, ನಗಿಸುತ್ತಲೇ ಹಾಗೆ ನಗುವವನನ್ನು ಎದುರು ನಿಲ್ಲಿಸಿ ಕೇಳುವ ಸಿನಿಮಾ ಇದು. ಅಕ್ಕನ ಮಕ್ಕಳ ಪ್ರಾಯಕ್ಕೆ ಸರಿಯಾಗಿ ಉಂಟು, ಬಿಡಬೇಡಿ.

ತಿಪಟೂರು ತೆಂಗು:
ಎಲ್ಲರೂ ಬಣ್ಣದ ಸಿನಿಮಾಗಳನ್ನೇ ಹೇಳುತ್ತಿದ್ದೀರಿ. ನರಸಿಂಹರಾಜು ಅವರ ಹೆಸರಿಲ್ಲದೆ ಕನ್ನಡದ ಹಾಸ್ಯದ ಪಟ್ಟಿ ಪೂರ್ಣವಾಗುವುದು ಹೇಗೆ? ನಮ್ಮ ಊರಿನವರು ಎಂಬ ಅಭಿಮಾನಕ್ಕೆ ಹೇಳುತ್ತಿಲ್ಲ. 1954ರ ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್ ಅವರ ಜೊತೆಯಲ್ಲೇ ತೆರೆಗೆ ಬಂದವರು. ಮೊದಲು ನರಸಿಂಹರಾಜು ಅವರ ಕಾಲ್‌ಶೀಟ್ ಸಿಗಲಿ, ಆಮೇಲೆ ಉಳಿದದ್ದು ಎಂದು ನಿರ್ಮಾಪಕರು ಕಾಯುತ್ತಿದ್ದ ಕಾಲವಿತ್ತು ಎಂದು ಹಳಬರು ಹೇಳುವುದುಂಟು.

ನಿಮ್ಮ ಅಜ್ಜಿಗೆ ಸತ್ಯ ಹರಿಶ್ಚಂದ್ರ ಹಾಕಿ. 1965ರದು, ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ. ಅದು ಹಾಸ್ಯಚಿತ್ರವಲ್ಲ, ಒಪ್ಪುತ್ತೇನೆ. ಆದರೆ ನಕ್ಷತ್ರಿಕನಾಗಿ ನರಸಿಂಹರಾಜು ಬಂದು ಹರಿಶ್ಚಂದ್ರನ ಬೆನ್ನು ಹತ್ತುವುದಿದೆಯಲ್ಲ! ಸಾಲ ವಸೂಲಿಗೆ ಬಂದವನು ಕಾಲು ನೋವು ಎನ್ನುತ್ತಾನೆ, ಬಿಸಿಲು ಎನ್ನುತ್ತಾನೆ, ಹಸಿವು ಎನ್ನುತ್ತಾನೆ. ಎದುರಿಗೆ ರಾಜ್ಯ ಕಳೆದುಕೊಂಡ ದೊರೆ, ಹೆಂಡತಿ, ಕೂಸು. ನೋಡುವವರ ಕರುಳು ಕಿತ್ತು ಬರುವ ಹೊತ್ತಿನಲ್ಲಿ ಆ ಸಣಕಲು ಮೈ, ಆ ಹಲ್ಲು, ಆ ಕೀರಲು ದನಿ ನಮ್ಮನ್ನು ನಗಿಸುತ್ತದೆ, ನಕ್ಕದ್ದರಿಂದ ದುಃಖ ಇನ್ನೂ ಆಳಕ್ಕಿಳಿಯುತ್ತದೆ. ಬೆನ್ನುಬಿಡದೆ ಕಾಡುವವರನ್ನು ಕಂಡರೆ ನಕ್ಷತ್ರಿಕ ಎಂದು ನಮ್ಮ ಮನೆಗಳಲ್ಲಿ ಈಗಲೂ ಹೇಳುತ್ತೇವೆ, ಹಾಗೆ ಹೇಳುವಾಗ ಕಣ್ಣಿಗೆ ಕಟ್ಟುವುದು ಅವರದೇ ಮುಖ. ಹಳೆಯದೆಂದು ಮಕ್ಕಳು ಮುಖ ತಿರುಗಿಸಿದರೆ, ಬಣ್ಣ ಹಚ್ಚಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದ ಪ್ರತಿ ಇದೆ, ಅದನ್ನು ಹುಡುಕಿ.

ಇನ್ನೊಬ್ಬರು ಟಿ.ಎನ್. ಬಾಲಕೃಷ್ಣ. ಅಜ್ಜಿಗೆ ಕಿವಿ ಮಂದ ಎಂದಿರಿ. ಬಾಲಣ್ಣನವರಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ, ಕಣ್ಣು ನೋಡಿಕೊಂಡೇ ನೂರಾರು ಚಿತ್ರಗಳಲ್ಲಿ ಅಷ್ಟು ಕರಾರುವಾಕ್ಕಾಗಿ ಮಾತು ಎತ್ತಿಕೊಂಡರು. ಇದನ್ನು ಅಜ್ಜಿಗೆ ಹೇಳಿ, ಸಂತೋಷಪಡುತ್ತಾರೆ.

ತುಂಗಾತೀರ:
ಅಜ್ಜಿಗೆ ಬಾಲಣ್ಣ ಅಂದ್ರೆ ಪಂಚಪ್ರಾಣ, ಆದ್ರೆ ಈ ವಿಷಯ ಅವರಿಗೆ ಗೊತ್ತಿದ್ಯೋ ಇಲ್ವೋ. ಹೇಳ್ತೀನಿ ಸರ್.

ಕಾವೇರಿ ನಾಲೆ:
ತಿಥಿ ಯಾಕೆ ಯಾರೂ ಹೇಳ್ನಿಲ್ಲ? ನಮ್ಮ ಮಂಡ್ಯದ ನೊದೆಕೊಪ್ಪಲಲ್ಲಿ ಮಾಡಿರದು, ಊರ ಜನಾನೇ ಪಾತ್ರಧಾರಿಗಳು. ರಾಮ್ ರೆಡ್ಡಿ ಅವರ ಮೊದಲ್ನೇ ಸಿನಿಮಾ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ 2015ರಲ್ಲಿ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ತಗೊಂಡು ಬಂತು.

ನೂರೊಂದು ವರ್ಷದ ಸೆಂಚುರಿ ಗೌಡ ಸತ್ತೋಯ್ತಾನೆ, ಹನ್ನೊಂದನೇ ದಿನಕ್ಕೆ ತಿಥಿ. ಮಗ ಗಡ್ಡಪ್ಪಂಗೆ ಆಸ್ತಿ ಬ್ಯಾಡ, ತಿಥಿ ಬ್ಯಾಡ, ನಡಕಂಡ್ ಹೋಗ್ತಿರದೇ ಬದುಕು. ಮೊಮ್ಮಗ ತಮ್ಮಣ್ಣಂಗೆ ಜಮೀನು ಮಾರೋ ಆತುರ. ಅಪ್ಪ ಬದುಕಿರಂಗೇ ಅಪ್ಪ ಸತ್ತೋದ ಅಂತ ಸರ್ಟಿಫಿಕೇಟ್ ಮಾಡ್ಸಕ್ಕೆ ಹೊಯ್ತಾನೆ. ಅಲ್ಲಿಂದ ಒಂದಕ್ಕೊಂದು ಗಂಟು ಬೀಳ್ತಾ ಹೋಯ್ತದೆ. ಯಾರೂ ನಗ್ಸಕ್ಕೆ ಅಂತ ಏನೂ ಮಾಡಕಿಲ್ಲ, ಅವರವರ ಪಾಡಿಗೆ ಅವರವ್ರು ಬದುಕ್ತಾವ್ರೆ ಅಷ್ಟೇಯ. ನೋಡ್ತಾ ಕುಂತಿದ್ರೆ ನಮ್ಮೂರ ಅರಳಿಕಟ್ಟೆ ಮೇಲೆ ಕುಂತಂಗೆ ಆಯ್ತದೆ.

ಗಾಂಧಿಬಜಾರ್ ಸಂಜೆ:
ಕಾವೇರಿ ನಾಲೆಯವರೇ, ತಿಥಿ ನನಗೂ ಪ್ರಾಣ. ಗಡ್ಡಪ್ಪ ಕುರಿಗಾಹಿಗಳ ಬಿಡಾರದಲ್ಲಿ ಕೂತು ತನ್ನ ಬದುಕಿನ ಕಥೆ ಹೇಳಿದ ಮೇಲೆ ಅದುವರೆಗಿನ ನಗುವೆಲ್ಲ ಬೇರೆಯದೇ ಆಗಿ ಕಾಣುತ್ತದೆ. ಆದರೆ ಬೈಗುಳ ಧಾರಾಳ, ಹುಡುಗನ ಪ್ರೇಮಪ್ರಸಂಗವೂ ಮಕ್ಕಳಿಗಲ್ಲ. ಅಕ್ಕನ ಮಕ್ಕಳು ಮಲಗಿದ ಮೇಲೆ ನೋಡುವ ಸಿನಿಮಾ ಎಂದು ಬರೆದಿಟ್ಟುಕೊಳ್ಳಲಿ.

ಕಾವೇರಿ ನಾಲೆ:
ಸರಿ ಕಣಣ್ಣ, ಅದು ದಿಟ. ಬೈಗುಳ ನಮ್ಮ ಕಡೆ ಮಾತಲ್ಲೇ ಸೇರ್ಕಂಡ್ಬುಟ್ಟದೆ. ಮಕ್ಳು ಮಲಿಕಂಡ್ ಮೇಲೆ ನೋಡ್ಲಿ, ಆದ್ರೆ ನೋಡದಂತೂ ಬಿಡ್ಬ್ಯಾಡ್ರಿ.

ಎಂಟನೇ ಮೇನ್:
ಜಗ್ಗೇಶ್ ಅವರ ಮಠ (2006), ಎದ್ದೇಳು ಮಂಜುನಾಥ (2009). ಎರಡೂ ಗುರುಪ್ರಸಾದ್ ಅವರದು. ಸಂಭಾಷಣೆ ಬರೆಯೋದು ಅಂದ್ರೆ ಅದು. ಎದ್ದೇಳು ಮಂಜುನಾಥದಲ್ಲಿ ತಬಲಾ ನಾಣಿ ಕಣ್ಣು ಕಾಣದವನಾಗಿ ಮಾಡಿರೋದು ಒಂದು ಸಾಕು. ಅವನನ್ನ ಕನಿಕರಕ್ಕೂ ಬಳಸಿಲ್ಲ, ಗೇಲಿಗೂ ಬಳಸಿಲ್ಲ.

ವಠಾರದ ಕಿಟಕಿ:
ಬರವಣಿಗೆ ಚೆನ್ನಾಗಿದೆ, ಒಪ್ಪಿದೆ. ಆದ್ರೆ ಮಠದಲ್ಲಿ ಕೆಲವು ಮಾತುಗಳಿಗೆ ಎರಡನೇ ಅರ್ಥ ಇದ್ದೇ ಇದೆ. ತುಂಗಾತೀರ ಅವರು ಹಾಕಿದ ಮೊದಲ ಷರತ್ತೇ ಅದು. ಸ್ನೇಹಿತರ ಜೊತೆ ಆದ್ರೆ ಧಾರಾಳವಾಗಿ ನೋಡಲಿ.

ಎಂಟನೇ ಮೇನ್:
ಆಯ್ತು, ಮಠ ಬಿಡಿ. ಆದ್ರೆ ನಟ, ನಿರ್ದೇಶಕ ಕಾಶಿನಾಥ್ ಅವರ ಕಾಲದಿಂದ ಬಂದ ಆ ಇಡೀ ಸಾಲನ್ನ ಅಶ್ಲೀಲ ಅಂತ ಒಂದೇ ಮಾತಲ್ಲಿ ಪಕ್ಕಕ್ಕಿಡೋದು ಸರಿ ಅಲ್ಲ. ಹೀರೋ ಅಂದ್ರೆ ಹತ್ತು ಜನರನ್ನ ಹೊಡೀಬೇಕು ಅನ್ನೋ ಹೊತ್ತಲ್ಲಿ, ಸೋಲೋ ಮಧ್ಯಮವರ್ಗದ ಗಂಡಸನ್ನ ನಡುಮಧ್ಯೆ ನಿಲ್ಲಿಸಿದೋರು ಅವರು. ಉಪೇಂದ್ರ ಕೂಡ ಕಾಶಿನಾಥ್ ಗರಡಿಯಿಂದಲೇ ಬಂದೋರು, ಜಗ್ಗೇಶ್ ಅವರನ್ನ ಹಾಕ್ಕೊಂಡು 1992ರಲ್ಲಿ ಮೊದಲ ನಿರ್ದೇಶನ ಮಾಡಿದ್ದು ತರ್ಲೆ ನನ್ಮಗ.

ಮೈಸೂರು ಮಲ್ಲಿಗೆಹೊಲ:
ಕಾಶಿನಾಥ್ ಹೆಸರು ಬಂತಲ್ಲ, ನನಗೊಂದು ಹೇಳೋದಿದೆ. ಇಲ್ಲಿವರೆಗೆ ಬಂದ ಪಟ್ಟಿಯಲ್ಲಿ ಊರ್ವಶಿ ಒಬ್ಬರನ್ನ ಬಿಟ್ಟರೆ ನಗಿಸಿದ ಹೆಂಗಸರ ಹೆಸರೇ ಇಲ್ಲ. ಎಂ.ಎನ್. ಲಕ್ಷ್ಮೀದೇವಿ, ರಮಾದೇವಿ, ಬಿ. ಜಯಾ, ರೇಖಾದಾಸ್. ಇವರಿಗೆಲ್ಲ ಸಿಕ್ಕಿದ್ದು ಘಟವಾಣಿ ಅತ್ತೆ, ಬಾಯಿಬಡುಕಿ ನೆರೆಮನೆಯವಳು, ಹಾಸ್ಯನಟನ ಜೋಡಿ. ಸಿಕ್ಕ ನಾಲ್ಕು ದೃಶ್ಯದಲ್ಲೇ ಇಡೀ ಟಾಕೀಸನ್ನ ನಗಿಸ್ತಿದ್ರು.

ಉಮಾಶ್ರೀ ಅವರನ್ನೇ ನೋಡಿ. ರಂಗಭೂಮಿಯಲ್ಲಿ ಪಳಗಿದ ಕಲಾವಿದೆ. 1984ರಲ್ಲಿ ಕಾಶಿನಾಥ್ ಅವರ ಅನುಭವ ಸಿನಿಮಾದಿಂದ ಜನಕ್ಕೆ ಪರಿಚಯವಾದ ಮೇಲೆ ವರ್ಷಗಟ್ಟಲೆ ಅದೇ ಬಗೆಯ ಎರಡರ್ಥದ ಪಾತ್ರಗಳು. ಆಮೇಲೆ 2008ರ ಗುಲಾಬಿ ಟಾಕೀಸ್‌ಗೆ ಗಿರೀಶ್ ಕಾಸರವಳ್ಳಿ ಕರೆದ್ರು, ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಅಷ್ಟು ಸಾಮರ್ಥ್ಯ ಅವರೊಳಗೆ ಮೊದಲಿಂದಲೂ ಇತ್ತು. ಅಂಥವರನ್ನ ನಡುವೆ ಇಟ್ಟು, ಅವರದೇ ಕಥೆ ಹೇಳೋ ಒಂದು ಪೂರ್ತಿ ಹಾಸ್ಯಚಿತ್ರ ಆ ದಿನಗಳಲ್ಲಿ ಯಾಕೆ ಯಾರೂ ಬರೀಲಿಲ್ಲ? ನನಗೆ ಈಗಲೂ ಇದು ಸಂಕಟದ ವಿಷಯ.

ಕಡಲಕರೆ:
ನೀವು ಹೇಳಿದ್ದು ನೂರಕ್ಕೆ ನೂರು ಸರಿ ಅಕ್ಕ. ನಮ್ಮ ನಾಟಕಗಳಲ್ಲಿಯೂ ಬಹಳ ಕಾಲ ಹೆಣ್ಣಿನ ಹಾಸ್ಯ ಪಾತ್ರ ಗಂಡಸರೇ ಮಾಡುವುದು ಇತ್ತು.

ಸ್ಯಾನ್ ಹೋಸೆ ಅಮ್ಮ:
ಅತ್ತಿಗೆಯವರ ಬಗ್ಗೆ ಒಂದು ಸಲಹೆ. ನಮ್ಮ ಮನೆಯಲ್ಲೂ ಕನ್ನಡ ಬಾರದ ಅಳಿಯ ಇದ್ದಾನೆ. ಸಬ್‌ಟೈಟಲ್ ಇದೆ ಅಂತ ಮಾತಿನ ಸಿನಿಮಾ ಮೊದಲೇ ಹಾಕಬೇಡಿ. ಓದಿ ಮುಗಿಸೋ ಹೊತ್ತಿಗೆ ಉಳಿದವರು ನಕ್ಕು ಮುಗಿಸಿರ್ತಾರೆ, ಅವರೊಬ್ಬರೇ ಹಿಂದೆ ಉಳೀತಾರೆ. ಊರು, ಶಾಲೆ, ಮಕ್ಕಳು ಇರೋ ಕಥೆ ಹಾಕಿ, ಕಣ್ಣಿಗೇ ಅರ್ಧ ತಿಳಿಯುತ್ತೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು (2018) ನಮ್ಮ ಅಳಿಯನಿಗೆ ಬಹಳ ಹಿಡಿಸ್ತು. ರಿಷಬ್ ಶೆಟ್ಟಿ ನಿರ್ದೇಶನ, ಮಕ್ಕಳ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಗಡಿನಾಡಿನ ಕನ್ನಡ ಶಾಲೆ ಉಳಿಸಿಕೊಳ್ಳೋಕೆ ಮಕ್ಕಳು ಪಡೋ ಪಾಡು. ದ್ವಿತೀಯಾರ್ಧದಲ್ಲಿ ಅನಂತನಾಗ್ ಬರ್ತಾರೆ, ನಿಮ್ಮ ದೊಡ್ಡಮ್ಮ ಅಲ್ಲಿಂದ ಅಲುಗಾಡಲ್ಲ.

ಇನ್ನೊಂದು, ಯೂಟ್ಯೂಬಿನಲ್ಲಿ ಕಾಮಿಡಿ ಸೀನ್ ಅಂತ ತುಂಡು ಮಾಡಿ ಹಾಕಿರ್ತಾರಲ್ಲ, ಅದನ್ನ ಮಕ್ಕಳಿಗೆ ಮೊದಲೇ ತೋರಿಸಬೇಡಿ. ಗಣೇಶನ ಮದುವೆಯ ಒಂದು ಜಗಳವನ್ನ ಕತ್ತರಿಸಿ ತೋರಿಸಿದ್ರೆ ಅದು ಬರೀ ಜಗಳ. ಹಿಂದಿನ ದಿನದ ಕಾಗದ ಓದಿದೋರಿಗೆ ಮಾತ್ರ ಅದು ನಗು.

ವಠಾರದ ಕಿಟಕಿ:
ಕೊನೆಯ ಮಾತು ಚಿನ್ನದಂಥದ್ದು.

ತಿಪಟೂರು ತೆಂಗು:
ಮಕ್ಕಳಿಗೆ ದ್ವಾರಕೀಶ್ ಅವರನ್ನೂ ಪರಿಚಯ ಮಾಡಿಸಿ. ವಿಷ್ಣುವರ್ಧನ್ ಜೊತೆಗಿನ ಸಿಂಗಾಪುರದಲ್ಲಿ ರಾಜಾ ಕುಳ್ಳ (1978), ಗುರು ಶಿಷ್ಯರು (1981). ಎರಡನೆಯದರಲ್ಲಿ ಪೆದ್ದ ಶಿಷ್ಯರ ಗುಂಪಿದೆ, ಮಕ್ಕಳಿಗೆ ಬೇರೇನೂ ಬೇಡ.

ತುಂಗಾತೀರ:
ಎಲ್ಲರಿಗೂ ಕೈಮುಗಿದೆ. ಸದ್ಯಕ್ಕೆ ಹೀಗೆ ಗೊತ್ತು ಮಾಡಿದೀನಿ: ನೀರು ತುಂಬೋ ಹಬ್ಬದ ರಾತ್ರಿ ಪುಷ್ಪಕ ವಿಮಾನ, ಮರುದಿನ ಸರ್ಕಾರಿ ಶಾಲೆ, ಆಮೇಲೆ ಗಣೇಶನ ಮದುವೆ, ಗೋಪೂಜೆ ದಿನ ಸು ಫ್ರಮ್ ಸೋ. ಮಕ್ಕಳು ಮಲಗಿದ ಮೇಲೆ ಒಂದು ರಾತ್ರಿ ತಿಥಿ. ಸತ್ಯ ಹರಿಶ್ಚಂದ್ರ ಅಜ್ಜಿಗೂ ನನಗೂ ಮಧ್ಯಾಹ್ನದ ಹೊತ್ತಿಗೆ. ಉಣಕಲ್ ಕೆರಿ ಅವರೇ, ರಾಮ ಶಾಮ ಭಾಮ ಅಮ್ಮ, ದೊಡ್ಡಮ್ಮ, ನಾನು ಮೂವರೇ ಕೂತು ನೋಡ್ತೀವಿ, ಬಿಡಲ್ಲ.

ಗೌರಿ ಗಣೇಶ ಮಕ್ಕಳ ಜೊತೆ ನಡೆಯುತ್ತಾ?

ವಠಾರದ ಕಿಟಕಿ:
ನೋಡಬಹುದು, ಆದ್ರೆ ಕಥೆ ಏನು ಅಂತ ತಿಳ್ಕೊಂಡು ಕೂರಿ. ತೀರಿಕೊಂಡ ಹುಡುಗಿಯೊಬ್ಬಳ ಡೈರಿ ಲಂಬೋದರನ ಕೈಗೆ ಸಿಗುತ್ತೆ, ಅದನ್ನ ಇಟ್ಕೊಂಡು ಮೂವರು ಸಿರಿವಂತರಿಗೆ ನಿನಗೊಬ್ಬ ಮಗ ಇದ್ದಾನೆ ಅಂತ ಬೇರೆಬೇರೆಯಾಗಿ ನಂಬಿಸಿ ದುಡ್ಡು ವಸೂಲಿ ಮಾಡ್ತಾನೆ. ಎಲ್ಲೂ ಮಾತು ಹದ ತಪ್ಪಿಲ್ಲ. ಎಂಟನೇ ಕ್ಲಾಸಿನವರಿಗೆ ಪರವಾಗಿಲ್ಲ ಅಂತ ನನ್ನ ಅನಿಸಿಕೆ, ಚಿಕ್ಕವರಾದ್ರೆ ಅಕ್ಕನನ್ನ ಒಂದು ಮಾತು ಕೇಳಿ.

ಉಣಕಲ್ ಕೆರಿ:
ಮೂರೂ ಮಂದಿ ಹೆಣ್ಣಮಕ್ಕಳು ಕೂತು ನೋಡ್ತೀರಿ ಅಂದ್ರ ಅದಕ್ಕಿಂತ ಚಲೋ ಏನೈತ್ರಿ. ಊರ್ವಶಿಯವರ ಮಾತು ಯಾವುದರ ತಿಳಿಲಿಲ್ಲ ಅಂದ್ರ ಇಲ್ಲೇ ಕೇಳ್ರಿ, ಬಿಡಿಸಿ ಹೇಳ್ತೇನಿ.

ಮೈಸೂರು ಮಲ್ಲಿಗೆಹೊಲ:
ನನ್ನ ಪ್ರಶ್ನೆ ಹಾಗೇ ಉಳಿದಿದೆ. ಹೆಂಗಸೇ ನಡುವೆ ನಿಂತು, ತಾನೇ ನಗಿಸೋ ಕನ್ನಡ ಸಿನಿಮಾ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ಹೆಸರು ಬರೀರಿ. ಹಳೇದಾದ್ರೂ ಸರಿ, ಹೊಸದಾದ್ರೂ ಸರಿ.